ಖಾಲಿ ಕುರ್ಚಿಯಲ್ಲಿ ನೀನು ಕೂರಿಸಿದ ಅಮ್ಮನಿಂದ

ಪುಟ್ಟಿ,

ಭಾನುವಾರ ನೀನು ಫೋನ್ ಕಟ್ ಮಾಡಿದ ಮೇಲೆ ನಾನು ತಿರುಗಿ ಮಾಡಲಿಲ್ಲ. ಅಮ್ಮನಿಗೆ ಕೋಪ ಅಂದುಕೊಂಡಿರುತ್ತೀಯ. ಕೋಪ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಫೋನಿನಲ್ಲಿ ನೀನು ಒಂದು ಹೇಳುವಷ್ಟರಲ್ಲಿ ನಾನು ನಾಲ್ಕು ಹೇಳಿರುತ್ತೇನೆ. ಕಾಗದದಲ್ಲಾದರೆ ಬರೆದದ್ದನ್ನು ಹೊಡೆದು ಹಾಕಬಹುದು. ಹಾಕಿದ್ದೇನೆ ಕೂಡ, ನೋಡು ಎಷ್ಟು ಗೀಟು. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಕೌನ್ಸೆಲಿಂಗಿನಲ್ಲಿ ನಿನ್ನೆದುರು ಒಂದು ಖಾಲಿ ಕುರ್ಚಿ ಇಟ್ಟರಂತೆ. ನಿನ್ನ ತಲೆಯೊಳಗೆ ಹಗಲೂ ರಾತ್ರಿ ಬೈಯುವವರು ಯಾರೋ, ಅವರನ್ನು ಅಲ್ಲಿ ಕೂರಿಸಿ ನೋಡು ಅಂದರಂತೆ. 'ಕನ್ನಡಕ ಸಮೇತ ಬಂದು ಕೂತೆ ಅಮ್ಮ ನೀನು' ಅಂತ ನಗುತ್ತಾ ಹೇಳಿದೆ. ನಿನಗೆ ನಗು ಬಂತು, ನನಗೆ ಬರಲಿಲ್ಲ. ಅದರ ಮೇಲೆ, ಮುಂದಿನ ಸಲ ನೀನೂ ಬಾ ಅಂದೆ. ಮನೆ ವಿಷಯ ಹೊರಗಿನವರ ಮುಂದೆ ಯಾಕೆ ಅಂತ ನಾನಂದೆ. ಅಲ್ಲಿಂದ ಮುಂದಿನದು ಇಬ್ಬರಿಗೂ ನೆನಪಿದೆ, ಬಿಡು. ಮಾವನ ಮನೆ ಗೃಹಪ್ರವೇಶದ ದಿನ ಸಾಲದವರಿಂದ ಬಂದ ಫೋನು, ಷೇರು ಟ್ರೇಡಿಂಗಿನಲ್ಲಿ ನೀನು ಕಳೆದ ಆ 11 ಲಕ್ಷ, ಅಪ್ಪ ಎಲೆ ಮುಂದಿನಿಂದ ಎದ್ದು ಹೋದದ್ದು, ಅದ್ಯಾವುದನ್ನೂ ಮತ್ತೆ ಬರೆಯೋದಿಲ್ಲ.

ನೀನು ವಾಟ್ಸಾಪಿನಲ್ಲಿ ಕಳಿಸಿದ್ದ ಹಾಳೆಗಳನ್ನು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೆ. ಮೊದಲನೇ ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಶೇಮ್' ಅಂತಿತ್ತು. ಅಂಗಡಿಯ ಹುಡುಗ ನನ್ನ ಹಳೇ ಸ್ಟೂಡೆಂಟು. 'ಏನ್ ಟೀಚರ್, ಮತ್ತೆ ಓದೋಕೆ ಶುರು ಮಾಡಿದ್ರಾ?' ಅಂದ. ಹಾಳೆಯನ್ನು ಮಗುಚಿ ಹಿಡಿದುಕೊಂಡು ಮನೆಗೆ ಬಂದೆ. ನಾಚಿಕೆಯ ಬಗ್ಗೆ ಓದೋದಕ್ಕೂ ನನಗೆ ನಾಚಿಕೆ. ಇದನ್ನು ನಿನ್ನ ಕೌನ್ಸೆಲರ್‌ಗೆ ಬೇಕಾದರೆ ಹೇಳು, ಅವರಿಗಾದರೂ ನಗು ಬರಲಿ.

ಓದಿದೆ. ಪಾಲ್ ಗಿಲ್ಬರ್ಟ್ ಅಂತ ಇಂಗ್ಲೆಂಡಿನ ಡರ್ಬಿಯ ಮನಶ್ಶಾಸ್ತ್ರಜ್ಞರ ವಿಷಯ ಅದರಲ್ಲಿದೆಯಲ್ಲ, ಅದು ಮನಸ್ಸಿಗೆ ಹಿಡಿಸಿತು. ಅವರ ಹತ್ತಿರ ಬರುತ್ತಿದ್ದವರಿಗೆ ಬುದ್ಧಿಗೆ ಎಲ್ಲ ತಿಳಿಯುತ್ತಿತ್ತಂತೆ. ಒಂದು ಸಲ ಸೋತ ಮಾತ್ರಕ್ಕೆ ನಾನು ಕೆಲಸಕ್ಕೆ ಬಾರದವಳಲ್ಲ ಅಂತ ಸರಿಯಾಗಿಯೇ ಹೇಳಿಕೊಳ್ಳುತ್ತಿದ್ದರು. ಸಮಾಧಾನ ಮಾತ್ರ ಆಗುತ್ತಿರಲಿಲ್ಲ. ಆ ಒಳ್ಳೆಯ ಮಾತನ್ನು ನಿಮಗೆ ನೀವೇ ಯಾವ ಧ್ವನಿಯಲ್ಲಿ ಹೇಳಿಕೊಳ್ಳುತ್ತೀರಿ ಅಂತ ಗಿಲ್ಬರ್ಟ್ ವಿಚಾರಿಸಿದರು. ಗದರಿಸುವ ಧ್ವನಿ! ಮಾತು ಸಮಾಧಾನದ್ದು, ಸ್ವರ ತಿರಸ್ಕಾರದ್ದು. ನಾಚಿಕೆ ಒಳಗೆ ಬೇರು ಬಿಟ್ಟವರಿಗೆ ಬರೀ ತರ್ಕ ಸಾಲದು, ತನ್ನನ್ನು ತಾನು ಅಕ್ಕರೆಯಿಂದ ಮಾತಾಡಿಸೋದನ್ನೇ ಕಲಿಸಬೇಕು ಅಂತ ಅವರು ಕಂಪ್ಯಾಶನ್ ಫೋಕಸ್ಡ್ ಥೆರಪಿಯನ್ನು ಕಟ್ಟಿದರು.

ಇಷ್ಟು ಓದಿ ಎದ್ದು ಹೋದೆ. ಕೆಲಸ ಇಲ್ಲದಿದ್ದರೂ ಹಿತ್ತಲಿಗೆ ಹೋಗಿ ಬಂದೆ. 'ಪರವಾಗಿಲ್ಲ, ಮುಂದಿನ ಸಲ ಸರಿಯಾಗಿ ಬರಿ' ಅಂತ ನಿನಗೆ ಎಷ್ಟು ಸಲ ಹೇಳಿಲ್ಲ ನಾನು? ಮಾತು ಸರಿಯಾಗಿಯೇ ಇತ್ತಲ್ಲ. ಸ್ವರ ಹೇಗಿತ್ತು ಅಂತ ಹೇಳಿದವಳಿಗೆ ಗೊತ್ತಾಗೋದಾದರೂ ಹೇಗೆ?

ನಮ್ಮ ಭಾವನೆಗಳನ್ನು ಮೂರು ವ್ಯವಸ್ಥೆಗಳಾಗಿ ತೋರಿಸುವ ಗಿಲ್ಬರ್ಟ್ ಅವರ ಆ ಚಿತ್ರ ನನಗೆ ಅಷ್ಟು ಇಷ್ಟ ಆಗಲಿಲ್ಲ. ಅಪಾಯ ಕಂಡರೆ ಎಚ್ಚರಿಸೋದು ಒಂದು, ಬೇಕಾದ್ದನ್ನು ಬೆನ್ನಟ್ಟಿಸೋದು ಒಂದು, ಸಮಾಧಾನ ಮಾಡೋದು ಒಂದು. ಮಿದುಳೊಳಗೆ ಹೀಗೆ ಮೂರು ಡಬ್ಬಿ ಜೋಡಿಸಿಟ್ಟಿರೋದಿಲ್ಲ, ತಿಳಿಸಿಕೊಡೋಕೆ ಬರೆದ ಚಿತ್ರ ಅಂತ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದೇನೆ. ವಿಜ್ಞಾನದ ಟೀಚರ್ ಬುದ್ಧಿ, ಎಲ್ಲಿ ಹೋಗುತ್ತೆ. ಆದರೆ ಒಂದು ವಿಷಯ ಒಪ್ಪಿದೆ. ಹೊರಗಿನವರು ಬೈದರೆ ಮೈ ಹೇಗೆ ಬಿಗಿಯುತ್ತೋ, ನಮಗೆ ನಾವೇ ಬೈದುಕೊಂಡರೂ ಹಾಗೇ ಬಿಗಿಯುತ್ತದೆ ಅಂತಾರೆ ಅವರು. ಹೊರಗಿನವರಿಂದಾದರೆ ಓಡಿ ಹೋಗಬಹುದು. ಇದರಿಂದ ಓಡೋದೆಲ್ಲಿಗೆ? ನಿಧಾನವಾಗಿ ಉಸಿರು ಬಿಡುವ ಅಭ್ಯಾಸವನ್ನೂ ಮಾಡಿ ನೋಡಿದೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ, ಕ್ಲಾಸಿನಲ್ಲಿ ಮಕ್ಕಳಿಗೆ ಮಾಡಿಸುತ್ತಿದ್ದೆನಲ್ಲ ಹಾಗೆ. ಉಸಿರು ಉದ್ದಕ್ಕೆ ಬಿಟ್ಟಾಗ ನಾಡಿ ಇಳಿಯುತ್ತದೆ, ನಿಜ. ಇನ್ನೊಂದು ಕೋಣೆಯಿಂದ ಅಪ್ಪ 'ಬಿ.ಪಿ. ಜಾಸ್ತಿ ಆಯ್ತಾ?' ಅಂತ ಕೂಗಿದರು.

ಈಗ ಬಾವಿಯ ವಿಷಯ. ನೀನು ಹೇಳಿದ್ದು ದರಗಿನ ಕೊಟ್ಟಿಗೆಯ ವಿಷಯ. ನನಗೆ ಅದು ಬಾವಿಯ ವಿಷಯ.

ನಿನಗೆ ಒಂಬತ್ತು ವರ್ಷ ಇರಬೇಕು. ಮಳೆ ಹಿಡಿದಿತ್ತು. ಸೊಸೈಟಿಯಿಂದ ಸಕ್ಕರೆ ತಾ ಅಂತ 100 ರೂಪಾಯಿ ನೋಟು ಕೊಟ್ಟು ಕಳಿಸಿದ್ದೆ. ನೋಟು ಎಲ್ಲೋ ದಾರಿಯಲ್ಲಿ ಬಿತ್ತು, ನೀನು ಮನೆಗೆ ಬರಲಿಲ್ಲ. ಕತ್ತಲಾಯಿತು. ಸೊಸೈಟಿಯವರು ಹುಡುಗಿ ಬಂದೇ ಇಲ್ಲ ಅಂದರು. ತೋಟದಲ್ಲಿ ಕೂಗಿದೆವು, ಹಳ್ಳದ ಸಂಕದವರೆಗೆ ಹೋಗಿ ಬಂದೆವು. ತಿರುಗಿ ಬರುವಾಗ ಬಾವಿಕಟ್ಟೆಯ ಮೇಲೆ ನಿನ್ನ ಕೊಡೆ ಕಂಡಿತು. ಮಡಚಿ ಇಟ್ಟಿದ್ದೆ. ಯಾಕೆ ಅಲ್ಲಿಟ್ಟೆ ಅಂತ ನಾನು ಇವತ್ತಿಗೂ ಕೇಳಿಲ್ಲ.

ಅಪ್ಪ ಪಕ್ಕದ ಮನೆಯಿಂದ ಪಾತಾಳಗರಡಿ ತಂದರು. ಕೊಡ ಬಿದ್ದರೆ ತೆಗೆಯುತ್ತಿದ್ದರಲ್ಲ, ಆ ಕೊಕ್ಕೆಗಳ ಗೊಂಚಲು. ಹಗ್ಗ ಇಳಿಸಿದರು. ಟಾರ್ಚ್ ಹಿಡಿದದ್ದು ನಾನು. ಮಳೆಗಾಲದ ಬಾವಿ, ನೀರು ಮೇಲೆ ಬಂದಿತ್ತು, ಕೆಂಪಗಿತ್ತು, ಬೆಳಕು ಒಳಗೆ ಹೋಗುತ್ತಲೇ ಇರಲಿಲ್ಲ. ಅಪ್ಪ ಗರಡಿಯನ್ನು ಅಂಚಿನುದ್ದಕ್ಕೂ ಸುತ್ತಿಸಿದರು. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು ಕೇಳುತ್ತಿತ್ತು. ಒಂದು ಸಲ ಸದ್ದು ನಿಂತಿತು. ಕೊಕ್ಕೆಗೆ ಏನೋ ಸಿಕ್ಕಿಹಾಕಿಕೊಂಡಿತ್ತು. ಭಾರ ಇತ್ತು. ಅಪ್ಪ ಎಳೆಯಲಿಲ್ಲ. ಹಗ್ಗ ಹಿಡಿದುಕೊಂಡು ಹಾಗೇ ನಿಂತು ನನ್ನ ಮುಖ ನೋಡಿದರು. ಎಳಿ ಅಂತ ನಾನೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಪಕ್ಕದ ಮನೆಯವರು ಬಂದು ಹಗ್ಗಕ್ಕೆ ಕೈ ಹಾಕಿದರು. ಮೇಲೆ ಬಂದದ್ದು ಕೆಸರು ತುಂಬಿದ ತಾಮ್ರದ ಕೊಡ. ನಿನ್ನ ಅಜ್ಜಿಯ ಕಾಲದಲ್ಲಿ ಬಿದ್ದದ್ದಂತೆ. ಅಜ್ಜಿ ಅದನ್ನು ನೋಡಿ 'ಅಯ್ಯೋ, ನನ್ನ ಕೊಡ' ಅಂದರು. ಅಂಥ ಹೊತ್ತಿನಲ್ಲಿ! ಆ ಕೊಡವನ್ನು ನಾನು ಆಮೇಲೆ ಬಳಸಲಿಲ್ಲ. ಅಟ್ಟದ ಮೇಲಿದೆ.

ಆಮೇಲೆ ನೀನು ದರಗಿನ ಕೊಟ್ಟಿಗೆಯಲ್ಲಿ ಸಿಕ್ಕಿದೆ. ಒಣಗಿದೆಲೆಯ ರಾಶಿಯೊಳಗೆ ಕುತ್ತಿಗೆವರೆಗೆ ಹುದುಗಿ ಕೂತಿದ್ದೆ. ನಿನ್ನ ರಟ್ಟೆ ಹಿಡಿದು ಹೊರಗೆ ಎಳೆದು 'ಎಲ್ಲಿ ಸತ್ತಿದ್ದೆ ಇಷ್ಟೊತ್ತು?' ಅಂದೆ.

ನಿನಗೆ ನೆನಪಿರೋದು ಅಷ್ಟೇ ಅಂತ ಭಾನುವಾರ ಗೊತ್ತಾಯಿತು. ಕುರ್ಚಿಯಲ್ಲಿ ಕೂತವಳೂ ಅದನ್ನೇ ಹೇಳುತ್ತಾಳಂತೆ. 100 ರೂಪಾಯಿಗೆ ಅಷ್ಟು ದೊಡ್ಡ ಮಾತು ಅಂದೆ ನೀನು. ಕೂಸೇ, ಆ ನೂರು ರೂಪಾಯಿ ನನ್ನ ತಲೆಯಲ್ಲೇ ಇರಲಿಲ್ಲ. ಬಾವಿಕಟ್ಟೆಯಿಂದ ಕೊಟ್ಟಿಗೆಗೆ ಬರುವಷ್ಟರಲ್ಲಿ ಏನೇನು ಯೋಚನೆ ಬಂದಿತ್ತು ಅಂತ ನಿನಗೆ ಹೇಗೆ ಹೇಳಲಿ. ನೀನು ದರಗಿನೊಳಗಿದ್ದೆ, ಆ ಕೊಡ ಮೇಲೆ ಬಂದದ್ದನ್ನು ನೋಡಲಿಲ್ಲ. ನಾವ್ಯಾರೂ ಹೇಳಲೂ ಇಲ್ಲ. ಬೈಗುಳ ಕೇಳಿಸಿತು, ಭಯ ಕೇಳಿಸಲಿಲ್ಲ. ಎಲ್ಲರ ಮನೆಯ ಅಮ್ಮಂದಿರೂ ಹಾಗೇ ಅನ್ನೋದು, ನನ್ನಮ್ಮನೂ ಅನ್ನುತ್ತಿದ್ದಳು. ಆದರೆ ಎಲ್ಲರೂ ಆಗಷ್ಟೇ ಬಾವಿಗೆ ಗರಡಿ ಹಾಕಿ ಬಂದು ಅಂದಿರೋದಿಲ್ಲ. ಇಲ್ಲಿ 'ಕ್ಷಮಿಸು' ಅಂತ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಇರಲಿ, ಇದ್ದುಕೊಳ್ಳಲಿ.

ನನಗೆ ದುಡ್ಡಿನ ವಿಷಯದಲ್ಲಿ ಧ್ವನಿ ಏರುತ್ತದೆ, ಅದೂ ನಿಜ. ನಿನ್ನಜ್ಜ, ನನ್ನಪ್ಪ, ಒಬ್ಬರ ಸಾಲಕ್ಕೆ ಜಾಮೀನು ನಿಂತು ಗದ್ದೆ ಕಳೆದುಕೊಂಡವರು. ಆಮೇಲೆ ಮದುವೆ ಮುಂಜಿಗೆ ಹೋಗೋದನ್ನು ಬಿಟ್ಟರು. ಅವರಿಗೆ ಯಾರೂ ಬೈದದ್ದು ನಾನು ಕೇಳಿಲ್ಲ. ತಾವೇ ಜಗಲಿಯ ಮೂಲೆಯಲ್ಲಿ ಕೂತು ತಮ್ಮಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದರು. ಏನು ಹೇಳಿಕೊಳ್ಳುತ್ತಿದ್ದರು ಅಂತ ಈಗ ಊಹೆ ಮಾಡಬಲ್ಲೆ. ನೆಪ ಹೇಳುತ್ತಿದ್ದೇನೆ ಅನ್ನಬೇಡ. ಸರಿ, ಸ್ವಲ್ಪ ನೆಪವೇ.

ನಿನ್ನ ಹಾಳೆಗಳಲ್ಲಿ ಇನ್ನೊಂದು ಮಾತಿದೆ. ತಪ್ಪು ಮಾಡಿದೆ ಅನ್ನಿಸಿದವರು ಅದನ್ನು ಸರಿಮಾಡಲು ಹೊರಡುತ್ತಾರೆ, ನಾನೇ ಸರಿ ಇಲ್ಲ ಅನ್ನಿಸಿದವರು ಅಡಗಿಕೊಳ್ಳುತ್ತಾರೆ. ಜೂನ್ ಟ್ಯಾಂಗ್ನಿ ಅಂತ ಅಮೆರಿಕದವರು ಇದರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರಂತೆ. ನನಗೆ ಅಮೆರಿಕದವರು ಬೇಕಾಗಿರಲಿಲ್ಲ, ನಿನ್ನನ್ನು ನೋಡಿದರೆ ಸಾಕು. ಮೊದಲು ಹೋದದ್ದು 2 ಲಕ್ಷ ಅಂದೆಯಲ್ಲ. ಅವತ್ತೇ ಬಾಯಿ ಬಿಟ್ಟಿದ್ದರೆ 2 ಲಕ್ಷಕ್ಕೇ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗೋ ಮುಂಚೆ ವಾಪಸ್ ಗೆದ್ದು ಬಿಡುತ್ತೇನೆ ಅಂತ ಆ್ಯಪಿನಲ್ಲಿ ಸಾಲ ತೆಗೆದೆ, ಅದನ್ನು ತೀರಿಸಲು ಇನ್ನೊಂದು ಆ್ಯಪು. ಪಿಜಿ ರೂಮಿನ ಬಾಗಿಲು ಹಾಕಿಕೊಂಡು ಊಟಕ್ಕೂ ಇಳಿಯದೆ ಕೂತಿರುತ್ತಿದ್ದೆ ಅಂದೆ. ಆಸೆಗೆ ಹೋದದ್ದು ಸ್ವಲ್ಪ, ನಾಚಿಕೆಗೆ ಹೋದದ್ದೇ ಜಾಸ್ತಿ. ನೋಡು, ಬೈಯೋದಿಲ್ಲ ಅಂದುಕೊಂಡು ಕೂತವಳು ಲೆಕ್ಕ ಹೇಳುತ್ತಿದ್ದೇನೆ.

ಅಪ್ಪ ಒಂದು ಪೇಪರ್ ಕಟಿಂಗ್ ತೆಗೆದಿಟ್ಟಿದ್ದಾರೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯವರು 2024ರ ಸೆಪ್ಟೆಂಬರಿನಲ್ಲಿ ಬಿಟ್ಟ ಲೆಕ್ಕ. 2021-22ರಿಂದ ಮೂರು ವರ್ಷದಲ್ಲಿ ಈ ಫ್ಯೂಚರ್ಸ್, ಆಪ್ಷನ್ಸ್ ಅಂತ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲೆ ವ್ಯವಹಾರ ಮಾಡಿದ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಒಟ್ಟು 1.8 ಲಕ್ಷ ಕೋಟಿಗಿಂತ ಹೆಚ್ಚು. ಎಲ್ಲ ಖರ್ಚು ಕಳೆದು 1 ಲಕ್ಷಕ್ಕಿಂತ ಜಾಸ್ತಿ ಲಾಭ ಕಂಡವರು ನೂರಕ್ಕೆ ಒಬ್ಬರು. ಅಪ್ಪ ಇದನ್ನು ಕತ್ತರಿಸಿಟ್ಟದ್ದು ನಿನಗೆ ತೋರಿಸಿ ಬುದ್ಧಿ ಹೇಳೋದಕ್ಕೆ. ನಾನು ಬೇರೆ ಥರ ಓದಿದೆ. ಟೆಕ್ಸಸ್‌ನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಈ ಸ್ವಂತದ ಮೇಲಿನ ಕರುಣೆಯನ್ನು ಅಳೆಯಲು 26 ಪ್ರಶ್ನೆ ಮಾಡಿದರಲ್ಲ, ಅವರು ಹೇಳುವ ಮೂರರಲ್ಲಿ ಒಂದು ಇದೇ ತಾನೇ? ತನಗೆ ತಾನು ಒರಟಾಗದೆ ಇರೋದು, ನೋವನ್ನು ಇದ್ದಷ್ಟೇ ನೋಡೋದು, ಇನ್ನೊಂದು, ಹೀಗಾದದ್ದು ನನಗೊಬ್ಬಳಿಗೇ ಅಲ್ಲ ಅಂತ ತಿಳಿಯೋದು. ಆ ತೊಂಬತ್ತು ಲಕ್ಷಕ್ಕೂ ಜಾಸ್ತಿ ಜನರಲ್ಲಿ ಎಷ್ಟು ಮಂದಿ ಈಗ ಬಾಗಿಲು ಹಾಕಿಕೊಂಡು, ಪ್ರಪಂಚದಲ್ಲಿ ದಡ್ಡಿ ನಾನೊಬ್ಬಳೇ ಅಂದುಕೊಂಡು ಕೂತಿದ್ದಾರೋ. ಒಂದೇ ಸಾಲಿನಲ್ಲಿ ನಿಂತವರಿಗೆ ಒಬ್ಬರಿಗೊಬ್ಬರು ಕಾಣೋದಿಲ್ಲ, ಯಾಕೆಂದರೆ ಯಾರೂ ಬಾಯಿ ಬಿಡೋದಿಲ್ಲ. ಕಟಿಂಗ್ ಜೊತೆಗಿಟ್ಟಿದ್ದೇನೆ. ಅಪ್ಪ ಕೆಂಪು ಗೀಟು ಹಾಕಿದ ಜಾಗ ಬಿಟ್ಟು ಓದು.

ನನಗೆ ಮೊದಲಿನಿಂದ ಒಂದು ಅನುಮಾನ ಇತ್ತು. ಫೋನಿನಲ್ಲಿ ಹೇಳಿದೆ ಕೂಡ. ತಪ್ಪು ಮಾಡಿ ತನ್ನ ಬೆನ್ನು ತಾನೇ ತಟ್ಟಿಕೊಂಡರೆ ಮನುಷ್ಯ ತಿದ್ದಿಕೊಳ್ಳೋದು ಹೇಗೆ? ನೀನು 'ನಿನಗೆ ಅರ್ಥ ಆಗಲ್ಲ ಬಿಡು' ಅಂದೆ. ಅದಕ್ಕೆ ಉತ್ತರ ನೀನು ಕಳಿಸಿದ ಕೊನೆಯ ಹಾಳೆಯಲ್ಲೇ ಇತ್ತಲ್ಲ, ಓದಿ ಹೇಳಬಾರದಿತ್ತಾ? 2012ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೈನ್ಸ್ ಮತ್ತು ಚೆನ್ ಅನ್ನುವ ಇಬ್ಬರು ಪ್ರಕಟಿಸಿದ ಪ್ರಯೋಗ. ವಿದ್ಯಾರ್ಥಿಗಳಿಗೆ ಕಷ್ಟದ ಶಬ್ದಗಳ ಪರೀಕ್ಷೆ ಕೊಟ್ಟರು. ಚೆನ್ನಾಗಿ ಮಾಡಲಾಗಲಿಲ್ಲ. ಕೆಲವರಿಗೆ, ಇದು ಎಲ್ಲರಿಗೂ ಕಷ್ಟ, ನಿಮ್ಮ ಮೇಲೆ ನೀವು ಜಾಸ್ತಿ ಕಠಿಣ ಆಗಬೇಡಿ ಅಂತ ಹೇಳಿದರು. ಮತ್ತೆ ಪರೀಕ್ಷೆಗೆ ಓದಿಕೊಳ್ಳಿ ಅಂದಾಗ ಜಾಸ್ತಿ ಹೊತ್ತು ಓದಿದವರು ಅವರೇ. ಸುಮ್ನೆ ಹೊಗಳಿಸಿಕೊಂಡವರಲ್ಲ, ಏನೂ ಹೇಳಿಸಿಕೊಳ್ಳದವರೂ ಅಲ್ಲ.

ಇದನ್ನು ನಂಬೋದಕ್ಕೆ ನನಗೆ ಕಷ್ಟವಾಗಲಿಲ್ಲ. ಉತ್ತರ ಪತ್ರಿಕೆ ವಾಪಸ್ ಕೊಡುವ ದಿನ ಕ್ಲಾಸನ್ನು ನೋಡಿದವರಿಗೆ ಗೊತ್ತಿರುತ್ತೆ. ಬೈಸಿಕೊಂಡ ಹುಡುಗ ಪೇಪರನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ಹಾಕುತ್ತಾನೆ. ಎಲ್ಲಿ ತಪ್ಪಾಯಿತು ಅಂತ ನೋಡೋದೇ ಇಲ್ಲ. ಅವನ ಬೆನ್ನು ಸವರಿದರೆ ಮಾತ್ರ ಬಿಡಿಸಿ ನೋಡುತ್ತಾನೆ. ಊರಿನ ಮಕ್ಕಳಿಗೆಲ್ಲ ನಾನು ಹಾಗೆ ಮಾಡಿದ್ದೇನೆ, ಬೇಕಾದರೆ ಕೇಳು, ಸಾಗರದ ಪೇಟೆಯಲ್ಲಿ ಈಗಲೂ ನಿಲ್ಲಿಸಿ ಮಾತಾಡಿಸುತ್ತಾರೆ. ಮನೆಗೆ ಬರುವಷ್ಟರಲ್ಲಿ ಅದು ಯಾಕೆ ಖರ್ಚಾಗಿರುತ್ತಿತ್ತೋ.

ಈಗ ಸ್ವಲ್ಪ ಹೇಳುವುದಿದೆ, ಕೇಳಿಸಿಕೋ. ಟ್ರೇಡಿಂಗ್ ಆ್ಯಪ್ ತೆಗೆದು ಹಾಕಿದ್ದೀಯ ಅಂದೆ. ಅಕೌಂಟನ್ನೇ ಮುಚ್ಚಿಸು. ಯಾವ ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕಳಿಸು, ಬಡ್ಡಿ ಜಾಸ್ತಿ ಇರುವುದನ್ನು ಮೊದಲು ಮುಗಿಸೋಣ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಬೇಡವೇ ಬೇಡ. ಮಂಡಿಯಲ್ಲಿ ಅಡಿಕೆ ಇದೆ, ದರ ನೋಡಿ ಕೊಡುತ್ತೇವೆ ಅಂತ ಅಪ್ಪ ಆಗಲೇ ತೀರ್ಮಾನ ಮಾಡಿಯಾಗಿದೆ. ನೀನು ಬೇಡ ಅಂದರೂ ಕೇಳೋದಿಲ್ಲ, ಅವರ ಹಟ ನಿನಗೆ ಗೊತ್ತು. ಸಂಬಳದಿಂದ ನಿಧಾನಕ್ಕೆ ವಾಪಸ್ ಕೊಡು, ಬರೆದಿಟ್ಟುಕೊಂಡೇ ಕೊಡು, ಆಗ ನಿನಗೂ ಹಗುರ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಮನೆಯವರ, ಸ್ನೇಹಿತರ ಮುಂದೆ ಮರ್ಯಾದೆ ಕಳೆಯುವ ಹಾಗಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮಾವನಿಗೆ ಫೋನ್ ಮಾಡಿದ್ದು ನಿಯಮಕ್ಕೆ ವಿರುದ್ಧ. ರಿಸರ್ವ್ ಬ್ಯಾಂಕಿನ 14448ಕ್ಕೆ ಮಾಡಿದರೆ ದೂರು ಹೇಗೆ ಕೊಡೋದು ಅಂತ ಹೇಳುತ್ತಾರೆ. ಆ ಫೋನಿನಿಂದ ತಲೆ ತಗ್ಗಿಸಬೇಕಾದವಳು ನೀನೊಬ್ಬಳೇ ಅಲ್ಲ. ಮತ್ತೆ, ರಾತ್ರಿ ಒಬ್ಬಳೇ ಕೂತು ಆ ಲೆಕ್ಕ ಬಿಚ್ಚಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೂದಲಿಗೆ ಎಣ್ಣೆ. ಸಾಕು, ಇಲ್ಲಿಗೆ ನಿಲ್ಲಿಸುತ್ತೇನೆ. ಯಾವುದಕ್ಕೆ ಶುರು ಮಾಡಿ ಎಲ್ಲಿಗೆ ಬಂದೆ ನೋಡು.

ಬರೆಯಬೇಕು ಅಂತ ಕೂತದ್ದು ಇದನ್ನು. ಕೌನ್ಸೆಲಿಂಗಿಗೆ ಹೋಗಿ ಬಂದ ರಾತ್ರಿಗಳಲ್ಲಿ ನೀನು ಜಾಸ್ತಿ ಅಳುತ್ತೀಯ ಅಂತ ನಿನ್ನ ರೂಮ್‌ಮೇಟ್ ಹೇಳಿದಳು. ನಾನೇ ಕೇಳಿದ್ದು, ಅವಳಿಗೆ ಬೈಯಬೇಡ. ವಾಸಿ ಆಗಲಿ ಅಂತ ಹೋಗಿ ಯಾಕೆ ಅಳು ಜಾಸ್ತಿ ಆಗಬೇಕು ಅಂತ ಹೆದರಿಕೆ ಆಯಿತು. ಹಾಳೆಗಳಲ್ಲಿ ಅದಕ್ಕೂ ಉತ್ತರ ಇದೆ. ಚಿಕ್ಕಂದಿನಿಂದ ಒಳಗೆ ಬೈಗುಳವನ್ನೇ ಕೇಳಿ ಅಭ್ಯಾಸವಾದವರಿಗೆ ಒಂದು ಮೆದು ಮಾತು ಬಿದ್ದರೆ ಮೊದಲು ಹಿತ ಅನ್ನಿಸೋದಿಲ್ಲ, ಹೆದರಿಕೆ ಆಗುತ್ತದೆ, ಹಳೆಯದೆಲ್ಲ ಎದ್ದು ಬರುತ್ತದೆ. ಕರುಣೆಗೇ ಹೆದರುವವರು ಇದ್ದಾರೆ ಅಂತ ಗಿಲ್ಬರ್ಟ್ ಅದಕ್ಕೂ ಒಂದು ಅಳತೆ ಪಟ್ಟಿ ಮಾಡಿದ್ದಾರೆ. ಅದಕ್ಕೇ ಕೌನ್ಸೆಲರ್ ಅವಸರ ಮಾಡುತ್ತಿಲ್ಲ. ನೀನೂ ಮಾಡಬೇಡ. ಅಡಿಕೆಗೆ ಒಂದು ಸಲ ಬೋರ್ಡೋ ಔಷಧಿ ಹೊಡೆದು ಬಿಟ್ಟರೆ ಕೊಳೆರೋಗ ನಿಲ್ಲುತ್ತಾ ಅಂತ ಅಪ್ಪ ಹೇಳುತ್ತಾರೆ. ಮಳೆಗೆ ಮುಂಚೆ ಹೊಡೆಯಬೇಕು, ಮಳೆ ನಡುವೆ ಬಿಡುವು ನೋಡಿ ಮತ್ತೆ ಹೊಡೆಯಬೇಕು. ಸ್ವಲ್ಪ ಹಗುರಾಯಿತು ಅಂತ ಮಧ್ಯದಲ್ಲಿ ಬಿಡಬೇಡ.

ಓದಿ ತಿಳಿದುಕೊಂಡರೂ ಹೆದರಿಕೆ ಹೋಗಲಿಲ್ಲ. ನಾನು ಟೆಲಿ ಮಾನಸ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿದೆ. 14416, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ದುಡ್ಡು ಬೀಳೋದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕೂತು ಮಾಡಿದೆ. ರಿಂಗ್ ಆದ ತಕ್ಷಣ ಕಟ್ ಮಾಡಿ, ಮತ್ತೆ ಮಾಡಿದೆ. ನನ್ನ ಪರಿಚಯ ಹೇಳುವಾಗ ಟೀಚರ್ ಅಂತ ಹೇಳಲಿಲ್ಲ. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಕೇಳಿದಳು. ಕೌನ್ಸೆಲಿಂಗ್ ನಿಲ್ಲಿಸಿ ಅನ್ನಬೇಡಿ, ಅಳು ಜಾಸ್ತಿ ಆಗೋದನ್ನು ಮಗಳೇ ಅವರ ಕೌನ್ಸೆಲರ್‌ಗೆ ಹೇಳಲಿ ಅಂದಳು. ಆಮೇಲೆ, ನಿಮಗೆ ಇನ್ನೇನಾದರೂ ಭಯ ಇದೆಯಾ ಅಂದಳು. ನಾನು ಬಾವಿಯ ಕಥೆ ಹೇಳಿದೆ. ಗುರುತಿಲ್ಲದ ಹುಡುಗಿಗೆ, ಟ್ಯಾಂಕಿನ ಹಿಂದೆ ಕೂತು, ಕೊಡ ಮೇಲೆ ಬಂದದ್ದರವರೆಗೆ. ಗೃಹಪ್ರವೇಶ ಆದ ಮಾರನೇ ದಿನ ನಿನ್ನ ಫೋನ್ ಸ್ವಿಚಾಫ್ ಆಗಿತ್ತಲ್ಲ, ಆ ಇಡೀ ದಿನ ನಾನು ಮತ್ತೆ ಅದೇ ಟಾರ್ಚ್ ಹಿಡಿದು ನಿಂತಿದ್ದೆ. ಅದನ್ನೂ ಹೇಳಿದೆ. ಹಾಗಿದ್ದರೆ ಮಗಳನ್ನು ನೇರವಾಗಿ ಕೇಳಿ ಅಂದಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಲ್ವಾ ಅಂದೆ. ಇಲ್ಲ, ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟೋದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿ ಆಗುತ್ತದೆ ಅಂದಳು.

ಅದಕ್ಕೆ ಕೇಳುತ್ತಿದ್ದೇನೆ. ಪುಟ್ಟಿ, ಸಾಯಬೇಕು ಅಂತ ಅನ್ನಿಸಿತ್ತಾ? ಈಗ ಅನ್ನಿಸುತ್ತಾ? ಹೌದು ಅಂದರೆ ನಾನು ಕಿರುಚೋದಿಲ್ಲ, ಅಪ್ಪನೂ ಎದ್ದು ಹೋಗೋದಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ನನಗೆ ಮಾಡಲು ಕಷ್ಟವಾದರೆ 14416ಕ್ಕೆ ಮಾಡು, ಅದು ರಾತ್ರಿಯೂ ಇರುತ್ತದೆ. ಈ ಕಾಗದ ಸಿಕ್ಕಿದ ದಿನವೇ ಉತ್ತರ ಹೇಳು. ಇದೊಂದು ಮಾತ್ರ ಅಪ್ಪಣೆ ಅಂತ ತಿಳಿ.

ಇನ್ನೊಂದು ಹೇಳಬೇಕಿತ್ತು, ಹೇಳಲು ನನಗೆ ಬರೋದಿಲ್ಲ. ಗೃಹಪ್ರವೇಶದ ಮರುವಾರ ನೀನು ಬಂದು ಅಪ್ಪನ ಮುಂದೆ ಕೂತು ಒಂದೊಂದೇ ಸಾಲದ ಹೆಸರು, ಮೊತ್ತ ಹೇಳಿದೆಯಲ್ಲ, ನಿನ್ನ ಕೈ ನಡುಗುತ್ತಿತ್ತು, ಆದರೂ ಒಂದನ್ನೂ ಕಡಿಮೆ ಮಾಡಿ ಹೇಳಲಿಲ್ಲ. ನಿನ್ನಜ್ಜನಿಂದ ಜೀವಮಾನದಲ್ಲಿ ಆಗದ ಕೆಲಸ ಅದು. ಯಾರೂ ಹೇಳದೆ ನೀನೇ ಕೌನ್ಸೆಲರ್‌ರನ್ನು ಹುಡುಕಿಕೊಂಡೆ, ಫೀಸಿಗೆ ಸ್ಕೂಟಿ ಮಾರಿದೆ. ಅವತ್ತು ನಾನು 'ಸ್ಕೂಟಿ ಯಾಕೆ ಮಾರಿದೆ' ಅಂತ ಮಾತ್ರ ಕೇಳಿದೆ. ಕೇಳಬೇಕು ಅಂತಿದ್ದದ್ದು ಅದಲ್ಲ.

ನಿನಗೆ ನೀನೇ ಒಂದು ಕಾಗದ ಬರೆದುಕೊಳ್ಳಬೇಕು, ಅಕ್ಕರೆ ಇರುವವರು ಬರೆದ ಹಾಗೆ ಅಂತ ಹೋಮ್‌ವರ್ಕ್ ಕೊಟ್ಟಿದ್ದಾರಂತೆ. 'ಪುಟ್ಟಿ' ಅಂತ ಬರೆದು ಮುಂದಕ್ಕೆ ಹೋಗಲಿಲ್ಲ ಅಂದೆ. ಅದನ್ನು ನಾನು ಬರೆದುಕೊಡೋದಿಲ್ಲ, ಹೋಮ್‌ವರ್ಕ್ ಅಮ್ಮ ಮಾಡಿಕೊಟ್ಟರೆ ಮಾರ್ಕ್ಸ್ ಇಲ್ಲ. ಒಂದು ಉಪಾಯ ಹೇಳುತ್ತೇನೆ, ಬೇಡವಾದರೆ ಬಿಡು. ನಿನ್ನ ರೂಮ್‌ಮೇಟ್ 11 ಲಕ್ಷ ಕಳೆದುಕೊಂಡು ಬಂದಿದ್ದರೆ ಅವಳಿಗೆ ಏನು ಬರೆಯುತ್ತಿದ್ದೆಯೋ ಅದನ್ನು ಬರಿ. ಹೆಸರು ಆಮೇಲೆ ಬದಲಾಯಿಸು. ನಿನ್ನ ಕೌನ್ಸೆಲರ್ ಇದನ್ನು ಆಗಲೇ ಹೇಳಿರಬಹುದು. ಹೇಳಿದ್ದರೆ, ನಾನೂ ಹೇಳಿದೆ ಅಂತ ಅವರಿಗೆ ತಿಳಿಸು.

ಬುಧವಾರ ರಾತ್ರಿ ತಾಳಗುಪ್ಪದ ರೈಲಿಗೆ ಹತ್ತುತ್ತೇನೆ, ಅಪ್ಪ ಟಿಕೆಟ್ ಮಾಡಿಸಿಯಾಗಿದೆ. ಸ್ಟೇಷನ್ನಿಗೆ ಬರಬೇಡ, ಆಟೋ ಹಿಡಿದು ಬರುತ್ತೇನೆ. ಗುರುವಾರ ಸಂಜೆ ಅವರ ಮುಂದೆ ನನ್ನ ಕೈಲಿ ಎಷ್ಟು ಹೊತ್ತು ಸುಮ್ಮನೆ ಕೂರಲಾಗುತ್ತೋ ಗೊತ್ತಿಲ್ಲ. ನಿನ್ನ ಮಾತಿಗೆ ನಡುವೆ ಬಾಯಿ ಹಾಕಿದರೆ ಕಾಲು ತುಳಿ. ಆಮೇಲೆ, ಅವರಿಗೆ ಕನ್ನಡ ಬರುತ್ತಾ? ಕೇಳಿ ಹೇಳು. ಇಂಗ್ಲಿಷಿನಲ್ಲಿ ನನಗೆ ಪಾಠ ಮಾಡೋಕೆ ಬರುತ್ತೆ, ಜಗಳಕ್ಕೂ ಅಳೋಕೂ ಕನ್ನಡವೇ ಬೇಕು.

ನಿನ್ನ
ಅಮ್ಮ